ಅಪ್ಪಯ್ಯನ ಗಾಡಿಗೆ ಹೊಸ ಸ್ಕ್ರೀನ್, ಅದರಲ್ಲಿ ಹಳೇ ಪದ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪಯ್ಯನ ಗಾಡಿ ಅಂಗಳದಲ್ಲಿ ಇರಲಿಲ್ಲ. ಮನೆಯಿಂದ ನೂರು ಹೆಜ್ಜೆ ಆಚೆ, ರಸ್ತೆ ಬದಿಯ ಹಲಸಿನ ಮರದ ಬುಡದಲ್ಲಿ ನಿಂತಿತ್ತು. ಹದಿನೈದು ವರ್ಷ ಅಂಗಳದಲ್ಲೇ ಮಲಗಿದ ಗಾಡಿ ಅದು. ಕೇಳಿದ್ದಕ್ಕೆ, "ಅಂಗಳ್ದಲ್ ಅಡಿಕಿ ಒಣ್ಸುಕಿತ್ತ್" ಅಂದರು. ಅಂಗಳದಲ್ಲಿ ಒಂದು ಅಡಿಕೆಯೂ ಇರಲಿಲ್ಲ.

ವಿಷಯ ಅಮ್ಮನಿಂದ ಗೊತ್ತಾಯಿತು. ಒಂದು ತಿಂಗಳ ಹಿಂದೆ ಅಪ್ಪಯ್ಯ ರಿವರ್ಸ್ ತೆಗೆಯುವಾಗ ಹಿಂದಿನ ಚಕ್ರದಡಿ ಕಟಕಟ ಸದ್ದು. ಇಳಿದು ನೋಡಿದರೆ ಪಕ್ಕದ ಮನೆ ಮಗುವಿನ ಪುಟ್ಟ ಸೈಕಲ್ಲು. ಮಗು ಅದೇ ಆಗ ನೀರು ಕುಡಿಯಲು ಒಳಗೆ ಓಡಿತ್ತು. ಅಪ್ಪಯ್ಯ ಮರುದಿನವೇ ಬ್ರಹ್ಮಾವರ ಪೇಟೆಗೆ ಹೋಗಿ ಹೊಸ ಸೈಕಲ್ಲು ತಂದುಕೊಟ್ಟರು. ಅವತ್ತಿನಿಂದ ರಿವರ್ಸ್ ಗೇರ್ ಹಾಕಿಲ್ಲ. ಈ ಬಗ್ಗೆ ಯಾರೂ ಮಾತಾಡಬಾರದು ಎಂದು ಮನೆಯಲ್ಲಿ ಒಂದು ಮೌನ ಒಪ್ಪಂದವೂ ಆಗಿತ್ತು.

ಗಾಡಿಯ ಹೆಸರು ಬೇಡ, ಊರಲ್ಲಿ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. 2010ರ ಡೀಸೆಲ್ ಎಸ್‌ಯುವಿ, ಕೆಎ-20 ನಂಬರು. ಹದಿನೈದು ವರ್ಷ ತುಂಬಿತೆಂದು ಮಣಿಪಾಲದ ಆರ್‌ಟಿಒಗೆ ಒಯ್ದು ಇನ್ನೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಿದ್ದೇವೆ. "ಮಾರಿ ಸಣ್ಣ ಕಾರು ತಗೊಳ್ಳಿ" ಎಂದು ನಾನು ಎರಡು ಸಲ ಹೇಳಿ ಎರಡು ಸಲವೂ ಸೋತವನು. ಹಾಗಾಗಿ ಈ ಸಲ ಬೇರೆ ದಾರಿ ಹಿಡಿದೆ. ರಿವರ್ಸ್ ಕ್ಯಾಮೆರಾ ಅಂದರೆ ಅಪ್ಪಯ್ಯನಿಗೆ ಅವಮಾನ. ಸ್ಟೀರಿಯೊ ಅಂದರೆ?

"ಅಪ್ಪಯ್ಯ, ಹೊಸ ಸೆಟ್ ಹಾಕ್ಸುವ. ನಾವಡರ ಪದ ಚೆಂದ ಕೇಳತ್ತ್."

"ಇದಕ್ಕೆಂತ ಆಯ್ತ್? ಹಾಡತ್ತಲೆ!"

ಹಾಡುವುದೇನೋ ಹೌದು. ಕಂಪನಿ ಕೊಟ್ಟ ಆ ಸೆಟ್‌ಗೆ ಒಂದು ಸಿಡಿ ಬಾಯಿ, ಒಂದು ಯುಎಸ್‌ಬಿ, ಹೆಬ್ಬೆಟ್ಟು ಗಾತ್ರದ ಒಂದು ವಾಲ್ಯೂಮ್ ತಿರುಗಣೆ. ಬ್ಲೂಟೂತ್ ಇಲ್ಲ, ಪರದೆ ಇಲ್ಲ. ಫೋನ್ ಬಂದರೆ ಅಪ್ಪಯ್ಯ ಎಡಗೈಯಲ್ಲಿ ಮೊಬೈಲ್ ಹಿಡಿದು ಹೈವೇಯಲ್ಲೇ "ಹಲೋ" ಅನ್ನುತ್ತಾರೆ. ಮಾಡುವುದು ಹೆಚ್ಚಾಗಿ ನಾನೇ, ಬೆಂಗಳೂರಿಂದ. ಅದೂ ನನ್ನ ತಲೆಯಲ್ಲಿತ್ತು.

ಡಿಸೆಂಬರ್ ರಜೆಗೆ ಬರುವಾಗ ಯುನಿಟ್ ಬೆಂಗಳೂರಿಂದಲೇ ತಂದೆ. ನೀವೂ ಹಳೇ ಗಾಡಿಗೆ ಇದನ್ನು ಮಾಡಿಸುವವರಾದರೆ ಇಲ್ಲಿ ಸ್ವಲ್ಪ ನಿಲ್ಲಿ. ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಯೊ ಕೂರುವ ಖಾನೆಗೆ ಡಿನ್ ಎನ್ನುವ ಜರ್ಮನ್ ಅಳತೆ ಇದೆ. ಸಿಂಗಲ್ ಡಿನ್ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಡಬಲ್ ಡಿನ್ ಎತ್ತರದಲ್ಲಿ ಅದರ ಎರಡರಷ್ಟು. ನಮ್ಮದು ಡಬಲ್. ಅದರಲ್ಲಿ 7 ಇಂಚಿನ ಸ್ಕ್ರೀನ್ ನೇರವಾಗಿ ಕೂರುತ್ತದೆ. ಅಂಗಡಿಗಳಲ್ಲಿ ಎಲ್ಲರೂ ತೋರಿಸುವುದು 9, 10 ಇಂಚು. ಅದು ಖಾನೆಯೊಳಗೆ ಕೂರುವುದಿಲ್ಲ, ಗಾಡಿಗೆ ತಕ್ಕ ಫ್ರೇಮ್ ಹಾಕಿ ಮುಂದೆ ನಿಲ್ಲಿಸಬೇಕು. ಕೆಲವು ಹಳೇ ಗಾಡಿಗಳಲ್ಲಿ ಎಸಿ ಗಾಳಿಯ ಕಿಂಡಿಗೇ ಅಡ್ಡ ಬರುತ್ತದೆ. ನಾನು 7 ಇಂಚನ್ನೇ ಆರಿಸಿದೆ, ಅದರಲ್ಲೂ ತಿರುಗಣೆ ಇರುವುದನ್ನು. ಅರವತ್ತೊಂಬತ್ತರ ಬೆರಳು ಓಡುವ ಗಾಡಿಯಲ್ಲಿ ಗಾಜಿನ ಮೇಲೆ ವಾಲ್ಯೂಮ್ ಹುಡುಕುವುದು ಬೇಡ.

ಇನ್ನೊಂದು, ಕಪ್ಲರ್. ನಮ್ಮ ಗಾಡಿಯ ಮಾಡೆಲ್‌ಗೇ ಹೊಂದುವ ವೈರಿಂಗ್ ಕಪ್ಲರ್ ಸಾವಿರ ರೂಪಾಯಿ ಒಳಗೇ ಸಿಗುತ್ತದೆ. ಇದ್ದರೆ ಕಂಪನಿಯ ಒಂದು ವೈರನ್ನೂ ಕತ್ತರಿಸಬೇಕಾಗಿಲ್ಲ. ಇಲ್ಲದಿದ್ದರೆ ಬ್ಲೇಡು, ಕಪ್ಪು ಟೇಪು. ಹೊಸ ಯುನಿಟ್‌ಗಳಲ್ಲಿ ಸಾಮಾನ್ಯವಾಗಿ ಹಳದಿ ವೈರು ಬ್ಯಾಟರಿಯ ನೇರ ಕರೆಂಟು, ಕೆಂಪು ಕೀ ತಿರುಗಿಸಿದ ಮೇಲೆ ಬರುವುದು, ಕಪ್ಪು ಅರ್ಥ್. ಗಾಡಿ ಕಡೆಯ ಬಣ್ಣಗಳು ಹಾಗೇ ಇರಬೇಕೆಂದಿಲ್ಲ. ಹಳದಿ, ಕೆಂಪು ಎರಡನ್ನೂ ನೇರ ಕರೆಂಟಿಗೇ ಕೊಟ್ಟರೆ ಸೆಟ್ ರಾತ್ರಿಯಿಡೀ ಎಚ್ಚರವಾಗಿದ್ದು ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ. ನಮ್ಮ ಕರಾವಳಿಯಲ್ಲಿ ಇನ್ನೂ ಒಂದು ತಾಪತ್ರಯ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಉಳಿದ ದಿನ ಉಪ್ಪು ಗಾಳಿ. ಟೇಪು ಒಂದು ಮಳೆಗಾಲದಲ್ಲಿ ಬಿಟ್ಟುಕೊಂಡು ತಾಮ್ರ ಹಸಿರಾಗುತ್ತದೆ.

ಅಂಗಡಿ ಕುಂದಾಪುರದ ಹೈವೇ ಬದಿ. ಬ್ರಹ್ಮಾವರದಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಸಾಸ್ತಾನದ ಟೋಲ್ ದಾಟುವಾಗ ಅಪ್ಪಯ್ಯ ಹಳೇ ಸೆಟ್‌ನ ವಾಲ್ಯೂಮ್ ತಗ್ಗಿಸಿದರು. ಯಾವತ್ತೂ ಹಾಗೇ. ಗುಂಡ್ಮಿ ಇಲ್ಲಿಯೇ. ಸಾಲಿಗ್ರಾಮ ಮೇಳದ ಭಾಗವತರಾಗಿದ್ದ ಗುಂಡ್ಮಿ ಕಾಳಿಂಗ ನಾವಡರ ಊರು. 1958ರಲ್ಲಿ ಹುಟ್ಟಿದ ಅವರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು. 'ನಾಗಶ್ರೀ'ಯಂಥ ಪ್ರಸಂಗ ಬರೆದವರು, ಬಡಗುತಿಟ್ಟಿನ ಪದಕ್ಕೆ ಹೊಸ ಕಂಠ ಕೊಟ್ಟವರು. ಅವರ ಕ್ಯಾಸೆಟ್ ಕೇಳುತ್ತಾ ಬೆಳೆದ ತಲೆಮಾರು ಅಪ್ಪಯ್ಯನದು. ಕ್ಯಾಸೆಟ್ಟು ಸಿಡಿಯಾಗಿ, ಸಿಡಿ ಪೆನ್‌ಡ್ರೈವ್ ಆಗಿ, ಈಗ ಆ ಪೆನ್‌ಡ್ರೈವ್ ಅಪ್ಪಯ್ಯನ ಜೇಬಿನಲ್ಲಿ.

ಅಂಗಡಿಯಲ್ಲಿ ಹುಡುಗ ಸ್ಟೂಲ್ ಎಳೆದು, "ಹ್ವಾಯ್, ಕೂಕಣಿ. ಮೂರ್ ಗಂಟಿ ಬೇಕ್" ಅಂದ. ನಾನು ಪೇಟೆ ಸುತ್ತಿ ಬರುವ ಅಂದೆ. ಚಿಕನ್ ಘೀ ರೋಸ್ಟ್ ಹುಟ್ಟಿದ ಊರಲ್ಲಿ ಮೂರು ಗಂಟೆ ಸುಮ್ಮನೆ ಕೂರುವುದು ನನ್ನಿಂದಾಗದ ಕೆಲಸ. ಅಪ್ಪಯ್ಯ ಬರಲಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚುವಾಗ ಅದರ ಎದುರಿಗೇ, ಆಪರೇಷನ್ ಥಿಯೇಟರಿನ ಹೊರಗೆ ಕೂತವರ ಹಾಗೆ ಕೂತರು.

ವಾಪಸ್ ಬರುವಷ್ಟರಲ್ಲಿ ಇಬ್ಬರೂ ದೋಸ್ತಿ ಆಗಿದ್ದರು. ಹುಡುಗ ಹೆಮ್ಮಾಡಿ ಕಡೆಯವ, ಅವನ ಅಜ್ಜನಿಗೂ ಆಟದ ಹುಚ್ಚಂತೆ. ಅರ್ಥ್ ವೈರನ್ನು ಮೊದಲು ಸಿಕ್ಕ ಬೋಲ್ಟಿಗೆ ಬಿಗಿಯುವವನಿದ್ದ. ಅಪ್ಪಯ್ಯ ಬಗ್ಗಿ ನೋಡಿ, "ಅಲ್ಲ್ ತುಕ್ಕ್ ಇತ್ತ್ ಕಾಣ್ ಮಾಣಿ" ಅಂದರಂತೆ. ಹುಡುಗ ಉಪ್ಪುಕಾಗದದಲ್ಲಿ ತಿಕ್ಕಿ ಲೋಹ ಹೊಳೆಯುವ ಹಾಗೆ ಮಾಡಿ ಬಿಗಿದ. ಅರ್ಥ್ ಸರಿ ಕೂರದಿದ್ದರೆ ಆಕ್ಸಿಲರೇಟರ್ ಒತ್ತಿದ ಹಾಗೆಲ್ಲ ಸ್ಪೀಕರಿನಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು ಬರುತ್ತದೆ. ಹಳೇ ಗಾಡಿಯವರು ಸೆಟ್ಟೇ ಹಾಳೆಂದು ವಾಪಸ್ ಕೊಡುವುದು ಎಷ್ಟೋ ಸಲ ಈ ಒಂದು ಬೋಲ್ಟಿನ ದೆಸೆಯಿಂದ.

ಕ್ಯಾಮೆರಾದ ಕೇಬಲ್ ಹಿಂಬಾಗಿಲಿನಿಂದ ಛಾವಣಿ ಬಟ್ಟೆಯ ಅಡಿಯಲ್ಲಿ ಮುಂದಕ್ಕೆ ಬಂತು. ರಿವರ್ಸ್ ಲೈಟಿನಿಂದ ಒಂದು ವೈರು ತೆಗೆದರು. ಗೇರ್ ಬಿದ್ದು ಲೈಟ್ ಹತ್ತಿದರೆ ಸ್ಕ್ರೀನಿಗೆ ತಾನಾಗಿ ಗೊತ್ತಾಗಬೇಕಲ್ಲ. "ಇದೆಂತ ವೈರ್?" ಎಂದು ಅಪ್ಪಯ್ಯ ಕೇಳಲಿಲ್ಲ. ಮಿಕ್ಕ ಎಲ್ಲವನ್ನೂ ಕೇಳಿದ್ದರು, ಇದೊಂದು ಬಿಟ್ಟು.

ಕೊನೆಗೆ ಹುಡುಗ ಮೆಲ್ಲಗೆ ನನ್ನ ಬಳಿ ಬಂದ. "ಅಣ್ಣ, ಬ್ರೌನ್ ವೈರ್ ಅರ್ಥಿಗೆ ಕೊಡ್ಲಾ? ಗಾಡಿ ಓಡುವತಿಗೂ ವೀಡಿಯೋ ಬತ್ತ್. ಎಲ್ಲರೂ ಹಾಂಗೇ ಮಾಡ್ಸುದ್." ಹ್ಯಾಂಡ್‌ಬ್ರೇಕ್ ಎಳೆದಿದ್ದರೆ ಮಾತ್ರ ವೀಡಿಯೋ ಓಡಲಿ ಎಂದು ಇಟ್ಟ ವೈರು ಅದು. ಅದನ್ನು ಗಾಡಿಯ ಮೈಗೆ ಕಟ್ಟಿಬಿಟ್ಟರೆ ಬ್ರೇಕ್ ಯಾವಾಗಲೂ ಎಳೆದೇ ಇದೆ ಎಂದು ಸೆಟ್ ನಂಬಿಕೊಳ್ಳುತ್ತದೆ. ಬೇಡ ಅಂದೆ. ಹೇಳಿಬಿಡುತ್ತೇನೆ, ಬೆಂಗಳೂರಿನ ನನ್ನ ಸ್ವಂತ ಕಾರಿನಲ್ಲಿ ನಾನು ಮಾಡಿಸಿದ್ದು ಅದನ್ನೇ. ಈ ಸಲ ವಾಪಸ್ ಹೋದವನೇ ತೆಗೆಸಿದೆ.

ಎಲ್ಲ ಸೇರಿ 21,000 ರೂಪಾಯಿ ಆಯಿತು. ಅಪ್ಪಯ್ಯನಿಗೆ ಹೇಳಿದ್ದು ಒಂಬತ್ತು.

ಪರೀಕ್ಷೆಗೆ ಬೈಂದೂರು ದಿಕ್ಕಿಗೆ ಹೊರಟೆವು, ಉಪ್ಪುಂದದಲ್ಲಿ ಅತ್ತೆಯ ಮನೆ ಇದೆ. ಸಂಗಮ್ ಸೇತುವೆ ದಾಟುವ ಮೊದಲೇ ಅಪ್ಪಯ್ಯ ಪೆನ್‌ಡ್ರೈವ್ ಸಿಕ್ಕಿಸಿದರು. ಪದ ಶುರುವಾಯಿತು. ಅವರ ಮುಖ ಹುಳಿ ಹುಳಿಯಾಯಿತು.

"ಪದ ಕೇಂತಿಲ್ಲ ಮಗಾ. ಬರೀ ಗುಂಯ್ ಗುಂಯ್."

ನಿಜವೇ. ಹೊಸ ಸೆಟ್‌ಗಳ ಮೊದಲ ಸೆಟ್ಟಿಂಗು ಸಿನಿಮಾ ಹಾಡಿಗೆ ಮಾಡಿದ್ದು, ಬೇಸ್ ಉಬ್ಬಿಸಿರುತ್ತಾರೆ. ಮದ್ದಳೆ ಊದಿಕೊಂಡು ಭಾಗವತರು ಅದರ ಹಿಂದೆಲ್ಲೋ ಮುಳುಗಿದ್ದರು. ಹೆಮ್ಮಾಡಿಯಲ್ಲಿ ಗಾಡಿ ಬದಿಗೆ ನಿಲ್ಲಿಸಿ ಈಕ್ವಲೈಜರ್ ತೆರೆದೆ. ಕೆಳಗಿನ ಪಟ್ಟಿಗಳನ್ನು ಇಳಿಸಿ, ಒಂದರಿಂದ ಮೂರು ಕಿಲೋಹರ್ಟ್ಸ್ ನಡುವಿನದ್ದನ್ನು ಒಂಚೂರು ಏರಿಸಿದೆ. ಮನುಷ್ಯನ ದನಿಯ ಸ್ಪಷ್ಟತೆ ಇರುವುದು ಅಲ್ಲಿ. ಚೆಂಡೆ ಕಿವಿಗೆ ಚುಚ್ಚದ ಹಾಗೆ ಮೇಲಿನ ಪಟ್ಟಿಯನ್ನೂ ಸ್ವಲ್ಪ ತಗ್ಗಿಸಿದೆ. ಸ್ಪೀಕರ್ ಹಳೆಯವೇ. ಆದರೂ ಪದದ ಒಂದೊಂದು ಅಕ್ಷರ ಬಿಡಿಸಿಕೊಂಡು ಎದ್ದು ಬಂತು. ಅಪ್ಪಯ್ಯ ಏನೂ ಹೇಳಲಿಲ್ಲ. ಸ್ಟೇರಿಂಗ್ ಮೇಲೆ ಬೆರಳು ತಾಳ ಹಾಕಿತು.

ತ್ರಾಸಿ ದಾಟಿ ಮರವಂತೆ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಫೋಟೋದಲ್ಲಿ ನೀವು ನೂರು ಸಲ ನೋಡಿದ್ದೀರಿ, ವರ್ಣಿಸಲ್ಲ. ಅಲ್ಲಿ ಅಮ್ಮನ ಫೋನ್ ಬಂತು. ಸ್ಕ್ರೀನಿನಲ್ಲಿ ಹಸಿರು ಗುಂಡಿ, ಪದ ತಾನಾಗಿ ನಿಂತಿತು. ಎರಡೂ ಕೈ ಸ್ಟೇರಿಂಗ್ ಮೇಲೇ ಇಟ್ಟುಕೊಂಡು ಅಪ್ಪಯ್ಯ ಸಮುದ್ರ ಮೀರಿಸುವ ಹಾಗೆ "ಹಲೋ!" ಅಂದರು. ಮೈಕ್ ತಲೆ ಮೇಲೇ ಇದೆ, ಕೂಗಬೇಡಿ ಅಂದೆ. ಈಗಲೂ ಕೂಗುತ್ತಾರೆ.

ರೇಡಿಯೋದ್ದು ಒಂದು ಹೇಳಬೇಕು. ನಮ್ಮ ಬ್ರಹ್ಮಾವರದಲ್ಲೇ ಆಕಾಶವಾಣಿ ಮಂಗಳೂರಿನ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ ಇದ್ದದ್ದು, 1089 ಕಿಲೋಹರ್ಟ್ಸ್. ನಿಲಯ ಶುರುವಾದದ್ದು 1976ರಲ್ಲಿ. ಹಳೇ ಸೆಟ್‌ನಲ್ಲಿ ಒಂದನೇ ನಂಬರಿನ ಗುಂಡಿ ಅದಕ್ಕೇ ಮೀಸಲಾಗಿತ್ತು. ಹೊಸದರಲ್ಲಿ ಎಎಂ ಇದೆ, ಹಾಕಿದರೆ ಬರುವುದು ಬರೀ ಗರಗರ. ಸ್ಕ್ರೀನಿನೊಳಗಿನ ಸರ್ಕ್ಯೂಟೇ ಆ ಬ್ಯಾಂಡಿನಲ್ಲಿ ಗದ್ದಲ ಮಾಡುತ್ತದೆ. 100.3 ಎಫ್‌ಎಂ ಹಾಕಿಕೊಟ್ಟೆ. "ಅದೂ ನಮ್ದೇ" ಎಂದು ಒಪ್ಪಿಕೊಂಡರು, ಮನಸ್ಸಿಲ್ಲದ ಮನಸ್ಸಿನಿಂದ. ಈ ಒಂದು ವಿಷಯದಲ್ಲಿ ನಾನು ತೆಗೆಸಿದ್ದೇ ಒಳ್ಳೆಯ ಸೆಟ್ಟು.

ಉಪ್ಪುಂದದಲ್ಲಿ ಅತ್ತೆ ಕೊಟ್ಟ ಕಾಫಿ ಕುಡಿದು, ಬಂದದ್ದೇ ಬಂದೆವೆಂದು ಬೈಂದೂರಿನ ಒತ್ತಿನೆಣೆ ತನಕ ಹೋದೆವು. ಗುಡ್ಡದ ಮೇಲೆ ಸೂರ್ಯ ಇನ್ನೂ ನಾಲ್ಕು ಮಾರು ಮೇಲಿದ್ದ. ಕತ್ತಲೆಗೆ ಮೊದಲು ಮನೆ ಸೇರಬೇಕೆಂದು ಅಪ್ಪಯ್ಯ ನಿಲ್ಲಲಿಲ್ಲ. ವಾಪಸ್ ದಾರಿಯಲ್ಲಿ ಸ್ಕ್ರೀನಿನ ಇನ್ನೊಂದು ದೋಷ ಕಂಡಿತು. ಸಂಜೆ ದಕ್ಷಿಣಕ್ಕೆ ಬರುವಾಗ ಬಿಸಿಲು ಬಲಗಡೆ ಕಿಟಕಿಯಿಂದ ನೇರ ಗಾಜಿನ ಮೇಲೆ ಬೀಳುತ್ತದೆ. ನಾವುಂದದಿಂದ ತಲ್ಲೂರಿನ ತನಕ ಮ್ಯಾಪೂ ಇಲ್ಲ, ಏನೂ ಇಲ್ಲ, ಬರೀ ನಮ್ಮಿಬ್ಬರ ಮುಖ. ಮ್ಯಾಟ್ ಹಾಳೆ ಅಂಟಿಸಿದರೆ ಕಮ್ಮಿಯಾಗುತ್ತದೆ. ಕೊಳ್ಳುವಾಗ ಅಂಗಡಿಯೊಳಗಿನ ಟ್ಯೂಬ್‌ಲೈಟಿನಲ್ಲಿ ನೋಡಬೇಡಿ, ಹೊರಗೆ ತಂದು ಬಿಸಿಲಿಗೆ ಹಿಡಿದು ನೋಡಿ.

ಮನೆ ಮುಟ್ಟುವಾಗ ಏಳು ಗಂಟೆ. ಹಲಸಿನ ಮರದ ಹತ್ತಿರ ಗಾಡಿ ನಿಧಾನವಾಯಿತು. ನಿಲ್ಲಲಿಲ್ಲ. ಅಪ್ಪಯ್ಯ ಗೇಟಿನ ಮುಂದೆ ತಂದು, ಅಂಗಳಕ್ಕೆ ಹಿಂಭಾಗ ಮಾಡಿ ನಿಲ್ಲಿಸಿದರು. ಮೊದಲೆಲ್ಲ ಹಾಕುತ್ತಿದ್ದದ್ದು ಹಾಗೆಯೇ. ರಿವರ್ಸ್ ಗೇರ್ ಬಿತ್ತು. ಪದ ನಿಂತು, ಸ್ಕ್ರೀನಿನಲ್ಲಿ ನಮ್ಮ ಅಂಗಳ ಬಂತು. ತುಳಸಿಕಟ್ಟೆ, ಬಾವಿಯ ದಂಡೆ, ಹಳದಿ ಕೆಂಪು ಗೆರೆಗಳು. ಪಕ್ಕದ ಮನೆಯ ಬೇಲಿಗೆ ಒರಗಿಸಿದ ಹೊಸ ಸೈಕಲ್ಲು.

"ಇದೂ ಒಂಬತ್ತ್ ಸಾವ್ರದಲ್ಲೇ ಬಂತಾ?"

"ಹೌದು, ಅಪ್ಪಯ್ಯ."

"ಹ್ಞಾಂ."

ಹ್ಯಾಂಡ್‌ಬ್ರೇಕ್ ಎಳೆದರು. ಬಾಗಿಲು ತೆಗೆದು ಇಳಿದು, ಗಾಡಿಯ ಹಿಂದಕ್ಕೆ ಹೋದರು. ನಾನು ಅವರನ್ನು ಸ್ಕ್ರೀನಿನಲ್ಲಿ ನೋಡುತ್ತಿದ್ದೆ. ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿ ಎರಡೂ ಚಕ್ರದ ಹಿಂದೆ ಕಂಡರು. ಬಾವಿಯ ಕಡೆ ಒಮ್ಮೆ, ಬೇಲಿಯ ಕಡೆ ಒಮ್ಮೆ. ಮತ್ತೆ ಬಂದು ಕೂತರು.

"ಇದ್ರಲ್ ಕಾಂತ್. ಆದ್ರೂ ಒಂದ್ಸಲ ಇಳ್ದ್ ಕಾಣ್ಕ್" ಎಂದು, ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟರು.