ಕೊಡಗಿನ ಏರುದಾರಿಯೂ ಹಳೇ ಜಿಪ್ಸಿಯ ಗುಟ್ಟೂ

ಕುಶಾಲನಗರ ದಾಟಿ ಸುಂಟಿಕೊಪ್ಪದತ್ತ ಹೊರಟರೆ ರಸ್ತೆ ಮೆಲ್ಲಗೆ ಏರತೊಡಗುತ್ತದೆ. ಎರಡೂ ಬದಿ ಕಾಫಿ ತೋಟ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಪ್ರವಾಸಿಗರ ಕಣ್ಣು ಹಸಿರಿನ ಮೇಲಿದ್ದರೆ ಊರ ಹುಡುಗರ ಕಿವಿ ಎದುರಿನಿಂದ ಬರುವ ಗಾಡಿಯ ಸದ್ದಿನ ಮೇಲೆ! ಕೊಡಗಿನಲ್ಲಿ ಜೀಪು ಬರೀ ವಾಹನವಲ್ಲ, ಮನೆಯ ಒಬ್ಬ ಸದಸ್ಯ. ತೋಟದ ಗೊಬ್ಬರ ಹೊರುವುದೂ ಅದೇ, ಮದುವೆಗೆ ನೆಂಟರನ್ನು ತುಂಬಿಕೊಂಡು ಹೋಗುವುದೂ ಅದೇ. ಮಾಂದಲಪಟ್ಟಿಯ ಕಲ್ಲುದಾರಿಗೆ ಪ್ರವಾಸಿಗರನ್ನು ಹತ್ತಿಸುವುದೂ ಜೀಪುಗಳೇ.

ಗೋಣಿಕೊಪ್ಪ, ಪೊನ್ನಂಪೇಟೆಯ ಕಡೆ ಹೋದರೆ ಈ ಪ್ರೀತಿಗೆ ಇನ್ನೊಂದು ರೂಪ. ಕೊಯ್ಲು ಮುಗಿದ ಗದ್ದೆ ಬಯಲಿನಲ್ಲಿ ಆಟೋಕ್ರಾಸ್ ನಡೆಯುತ್ತದೆ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳೂ ಇಲ್ಲಿನ ತೋಟದ ದಾರಿಗಳಲ್ಲಿ ನಡೆದಿವೆ. ಇಂಥ ಸ್ಪರ್ಧೆಗಳಲ್ಲಿ ದೇಶದ ಉದ್ದಗಲಕ್ಕೂ ಓಡಿದ ಗಾಡಿ ಮಾರುತಿ ಜಿಪ್ಸಿ. 1985ರಲ್ಲಿ ಬಂದ ಇದಕ್ಕೆ 1996ರಲ್ಲಿ 1,298 ಸಿ.ಸಿ.ಯ ಎಂಜಿನ್ ಸಿಕ್ಕಿತು. ಈಗ ಹೊಸ ಜಿಪ್ಸಿ ಕೊಳ್ಳಲು ಸಿಗುವುದಿಲ್ಲ. ಆದ್ದರಿಂದ ಹಳೆಯದಕ್ಕೆ ಬೇಡಿಕೆ, ಬೇಡಿಕೆಯ ಹಿಂದೆಯೇ ತಲೆನೋವು. ಯಾರೋ ಸ್ಪರ್ಧೆಗೆಂದು ಎಂಜಿನ್ನಿನೊಳಗೆ ಏನೋ ಬದಲಿಸಿರುತ್ತಾರೆ. ಆಮೇಲೆ ಗಾಡಿ ನಾಲ್ಕು ಕೈ ಬದಲಾಗಿರುತ್ತದೆ, ಬದಲಿಸಿದ್ದೇನೆಂದು ಹೇಳುವವರು ಇರುವುದಿಲ್ಲ.

ದಕ್ಷಿಣ ಕೊಡಗಿನ ಒಂದು ಗ್ಯಾರೇಜಿನಲ್ಲಿ ನಾನು ಕಂಡದ್ದು ಅಂಥದೇ ಗಾಡಿ. ಎಂಜಿನಿಯರಿಂಗ್ ಓದುವ ಹುಡುಗ, ಪಕ್ಕದಲ್ಲಿ ಕೈಕಟ್ಟಿ ನಿಂತ ಅಪ್ಪ. ಗಾಡಿ ಚಾಲೂ ಮಾಡಿದರೆ ನಿಂತಲ್ಲೇ ಗಡಗಡ ನಡುಗುತ್ತಿತ್ತು. ಹುಡುಗನ ಮುಖ ಅರಳಿತು, ಅಪ್ಪನದು ಬಾಡಿತು. ‘ಕ್ಯಾಮ್ ಬದಲಾಗಿದೆ ಸಾರ್’ ಎಂದರು ಮೇಸ್ತ್ರಿ. ‘ಯಾವ ಕ್ಯಾಮ್ ಅಣ್ಣ?’ ಎಂದು ಹುಡುಗ ಕೇಳಿದ. ‘ಅದನ್ನು ಅಳೆದೇ ಹೇಳಬೇಕು’.

ಕ್ಯಾಮ್‌ಶಾಫ್ಟ್ ಎಂದರೆ ಮೊಟ್ಟೆಯಾಕಾರದ ಉಬ್ಬುಗಳಿರುವ ಲೋಹದ ಸಲಾಕೆ ಎನ್ನಬಹುದು. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಇದು ಒಂದು ಸುತ್ತು ತಿರುಗಿ, ಗಾಳಿ ಒಳಬರುವ, ಹೊಗೆ ಹೊರಹೋಗುವ ವಾಲ್ವುಗಳನ್ನು ತೆರೆಯುತ್ತದೆ. ವಾಲ್ವು ಎಷ್ಟು ಎತ್ತರ ಏಳಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದೆಲ್ಲ ಆ ಉಬ್ಬಿನ ಆಕಾರದಲ್ಲೇ ಅಡಗಿದೆ. ಹೆಚ್ಚು ಹೊತ್ತು ತೆರೆದರೆ ಎಂಜಿನ್ ಜೋರಾಗಿ ತಿರುಗುವಾಗ ಶಕ್ತಿ ಹೆಚ್ಚು, ನಿಧಾನಕ್ಕೆ ತಿರುಗುವಾಗ ಕಡಿಮೆ. ನಡುಕಕ್ಕೂ ಇದೇ ಕಾರಣ.

ಹೊಸ ಕ್ಯಾಮ್ ತರಿಸುವ ಬದಲು ಹಳೆಯದನ್ನೇ ಗ್ರೈಂಡ್ ಮಾಡಿಸುವುದೂ ಉಂಟು. ಆಗ ಶಾಫ್ಟಿನ ಮೇಲೆ ಕಂಪನಿಯ ನಂಬರು ಹಾಗೇ ಉಳಿದಿರುತ್ತದೆ. ನಂಬರು ನೋಡಿ ನಂಬಿದವರು ಕೆಟ್ಟರು! ಹೈಸ್ಕೂಲಿನ ಮಕ್ಕಳೂ ಮಾಡಬಹುದಾದ ಒಂದು ಲೆಕ್ಕ ಇಲ್ಲಿದೆ. ಸುಲಭವಾಗಲೆಂದು ದುಂಡು ಅಂಕಿ ಹಿಡಿಯೋಣ. ಉಬ್ಬಿನ ಬುಡದ ವೃತ್ತದ ವ್ಯಾಸ 30 ಮಿ.ಮೀ., ತುದಿಯವರೆಗಿನ ಒಟ್ಟು ಎತ್ತರ 36. ಕಳೆದರೆ 6 ಮಿ.ಮೀ. ಅದೇ ಕ್ಯಾಮಿನ ಎತ್ತುವಿಕೆ. ಈಗ ತುದಿಯನ್ನು ಮುಟ್ಟದೆ ಬುಡವನ್ನು ಮಾತ್ರ ಸುತ್ತಲೂ 1 ಮಿ.ಮೀ. ತೇಯ್ದರೆ ವ್ಯಾಸ 28 ಆಗುತ್ತದೆ, ಎತ್ತರ 35ಕ್ಕೆ ಇಳಿಯುತ್ತದೆ. ಕಳೆದು ನೋಡಿ: 7! ಲೋಹ ಕಡಿಮೆಯಾಯಿತು, ಎತ್ತುವಿಕೆ ಹೆಚ್ಚಾಯಿತು. ಎತ್ತರವನ್ನಷ್ಟೇ ಅಳೆದವರು ‘ಸವೆದ ಕ್ಯಾಮ್’ ಎಂದು ಕೈಬಿಡುತ್ತಾರೆ.

ಮೇಸ್ತ್ರಿ ಮೊದಲು ಮೇಲಿನ ಮುಚ್ಚಳ ಬಿಚ್ಚಿ ಟ್ಯಾಪೆಟ್ ಸ್ಕ್ರೂಗಳನ್ನು ತೋರಿಸಿದರು. ಮಾಮೂಲಿಗಿಂತ ಹೆಚ್ಚು ಕೆಳಗಿಳಿದಿದ್ದವು. ತೇಯ್ದ ಬುಡದ ಅಂತರವನ್ನು ಅವೇ ತುಂಬಬೇಕಲ್ಲ. ಆಮೇಲೆ ಕ್ರ್ಯಾಂಕಿನ ಪುಲ್ಲಿಗೆ 360 ಡಿಗ್ರಿಯ ತಟ್ಟೆ, ವಾಲ್ವಿನ ತಲೆಗೆ ಡಯಲ್ ಗೇಜ್. ಸ್ಪಾನರ್ ಹಿಡಿದು ಕೈಯಲ್ಲೇ ಎಂಜಿನ್ ತಿರುಗಿಸುತ್ತ, ವಾಲ್ವು 1 ಮಿ.ಮೀ. ಎದ್ದ ಡಿಗ್ರಿ, ಮತ್ತೆ 1 ಮಿ.ಮೀ.ಗೆ ಇಳಿದ ಡಿಗ್ರಿ ಎರಡನ್ನೂ ಹುಡುಗನಿಂದ ಬರೆಸಿದರು. ಪಿಸ್ಟನ್ ಮೇಲಿನ ತುದಿ ಮುಟ್ಟುವ 10 ಡಿಗ್ರಿ ಮೊದಲು ತೆರೆದು, ಕೆಳತುದಿಯ 40 ಡಿಗ್ರಿ ನಂತರ ಮುಚ್ಚಿದರೆ 10, 180, 40 ಸೇರಿ 230 ಡಿಗ್ರಿ. ಹೀಗೆ ಒಳವಾಲ್ವು, ಹೊರವಾಲ್ವು ಎರಡನ್ನೂ ಅಳೆದು ಕಂಪನಿ ಶಾಫ್ಟಿನ ಅಳತೆಯೊಡನೆ ಹೋಲಿಸಿದರೆ ಕ್ಯಾಮಿನ ಜಾತಕ ಕೈಗೆ ಸಿಕ್ಕಿದ ಹಾಗೆ. ಒಂದೇ ಶಾಫ್ಟಿನಲ್ಲಿ ಒಂದೇ ಬಗೆಯ ವಾಲ್ವಿನ ಉಬ್ಬುಗಳ ಅಳತೆ ಬೇರೆ ಬೇರೆ ಬಂದರೆ ಕೆಲಸ ಕಳಪೆ ಎಂದೇ ಅರ್ಥ.

‘ಇಷ್ಟೆಲ್ಲ ಯಾಕೆ, ಓಡುತ್ತಿದೆಯಲ್ಲ?’ ಎಂದು ಅಪ್ಪ ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಮೇಸ್ತ್ರಿಯ ಉತ್ತರವೂ ಅಷ್ಟೇ ನೇರ. ಉಬ್ಬಿನ ಮೇಲ್ಪದರವನ್ನು ಗಟ್ಟಿ ಮಾಡಿರುತ್ತಾರೆ. ತೇಯುವಾಗ ಅದು ಹೋಗಿದ್ದರೆ ಕ್ಯಾಮ್ ಬೇಗ ಸವೆಯುತ್ತದೆ. ವಾಲ್ವು ಹೆಚ್ಚು ಎದ್ದರೆ ಪಿಸ್ಟನ್ನಿಗೆ ಬಡಿಯಬಹುದು. ಅದನ್ನು ತಿಳಿಯಲು ಪಿಸ್ಟನ್ ತಲೆಯ ಮೇಲೆ ಮೆತ್ತನೆ ಜೇಡಿಯಿಟ್ಟು ತಿರುಗಿಸಿ, ಅಚ್ಚಿನ ದಪ್ಪ ನೋಡುತ್ತಾರೆ. ಇನ್ನೊಂದು ಮಾತು ನನಗೂ ಹೊಸತು. ಬ್ರೇಕಿನ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ ಎಳೆಯುವ ನಿರ್ವಾತದಿಂದ. ಇಂಥ ಕ್ಯಾಮಿದ್ದರೆ ಐಡಲ್‌ನಲ್ಲಿ ಆ ನಿರ್ವಾತ ಕುಗ್ಗಿ ಪೆಡಲ್ ಗಟ್ಟಿಯಾಗಬಹುದು.

ಸುಮಾರು 3,800 ಅಡಿ ಎತ್ತರದ ಮಡಿಕೇರಿಯಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಹತ್ತರಲ್ಲೊಂದು ಪಾಲು ತೆಳು. ಎಂಜಿನ್ನಿನ ಬಲ ಅಲ್ಲೇ ಒಂದಿಷ್ಟು ಸೋರಿರುತ್ತದೆ. ಅಲ್ಲಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ, 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಜೋಡುಪಾಲದ ತಿರುವುಗಳು, ವಿರಾಜಪೇಟೆಯಿಂದ ಕೇರಳಕ್ಕಿಳಿಯುವ ಮಾಕುಟ್ಟ ಘಾಟಿ ಇವೆಲ್ಲ ಕೇಳುವುದು ನಿಧಾನಗತಿಯ ಎಳೆತವನ್ನು. ತಿರುವಿನಲ್ಲಿ ಉಸಿರುಕಟ್ಟಿ ನಿಲ್ಲುವ ಗಾಡಿ, ಮಳೆ, ಹಿಂದೆ ಲಾರಿ: ಕಾಲೇಜು ಹುಡುಗನಿಗೆ ಇದು ಬೇಡವೆಂದೇ ನನ್ನ ಅಭಿಪ್ರಾಯ. ರ‍್ಯಾಲಿಗೆ ಒಗ್ಗುವುದು ರಸ್ತೆಗೆ ಒಗ್ಗಬೇಕೆಂದೇನಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಆರ್.ಸಿ.ಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸಬಾರದೆನ್ನುತ್ತದೆ. ಹೊಗೆ ತಪಾಸಣೆಯಲ್ಲೂ ಇಂಥ ಎಂಜಿನ್ ಸಿಕ್ಕಿಬೀಳಬಹುದು.

ಸಂಜೆ ಹೊತ್ತಿಗೆ ಅಳತೆ ಮುಗಿಯಿತು. ‘ಹಳೇ ಶಾಫ್ಟ್ ಏನಾದರೂ ಇದೆಯಾ ಕೇಳಿ’ ಎಂದರು ಮೇಸ್ತ್ರಿ. ಅಪ್ಪ ಮಾರುವವರಿಗೆ ಫೋನು ಹಚ್ಚಿದರು. ಅಟ್ಟದ ಮೇಲೆ ಗೋಣಿಚೀಲದಲ್ಲಿ ಏನೋ ಕಬ್ಬಿಣ ಇದೆಯಂತೆ, ಹುಡುಕಿ ಕಳಿಸುತ್ತಾರಂತೆ. ಹುಡುಗ ನೋಟ್‌ಬುಕ್ಕಿನಲ್ಲಿ ಆಗಲೇ ಇನ್ನೊಂದು ಸಾಲು ಗೀಚಿ, ‘ಕಂಪನಿ ಶಾಫ್ಟ್’ ಎಂದು ಬರೆದು, ಅಂಕಿಗಳಿಗೆ ಜಾಗ ಬಿಟ್ಟಿದ್ದ.