ಸುಟ್ಟದ್ದು ಒಂದು, ಕೆಟ್ಟದ್ದು ಇನ್ನೊಂದು

ನಮ್ಮ ಮನೆಯಲ್ಲಿ ದಾದಾ ಕಾಲದ ಒಂದು ಆಂಪ್ಲಿಫೈಯರ್ ಇದೆ. ಬೂದು ಬಣ್ಣದ ತಗಡಿನ ಪೆಟ್ಟಿಗೆ, ಮುಂದೆ ತಿರುಗಿಸುವ ಐದು ಗುಂಡಿ, ಹಿಂದೆ ಹಾರ್ನ್ ವೈರ್ ಕಟ್ಟುವ ತಿರುಪುಗಳು. ದಾದಾ ಅದನ್ನು ಕೊಂಡಾಗ ಅಬ್ಬಾ ಇನ್ನೂ ಸಾಲೆಗೆ ಹೋಗುತ್ತಿದ್ದರಂತೆ. ಸಿಂದಗಿ ಸುತ್ತಲಿನ ಹಳ್ಳಿಗಳ ಮದುವೆ, ಉರುಸು, ಮೊಹರಂ, ಜಾತ್ರೆ ಎಲ್ಲದಕ್ಕೂ ಇದೇ ಪೆಟ್ಟಿಗೆ ಹೋಗುತ್ತಿತ್ತು. ಬಸವನ ಬಾಗೇವಾಡಿಯ ಕಡೆಯಿಂದಲೂ ಜನ ಕೇಳಿಕೊಂಡು ಬರುತ್ತಿದ್ದರೆಂದು ದಾದಾ ಹೆಮ್ಮೆಯಿಂದ ಹೇಳುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗ ಚಾಚಾ ಹೊಸ ಸೆಟ್ ಇಟ್ಟುಕೊಂಡು ಅದೇ ವ್ಯವಹಾರ ನಡೆಸುತ್ತಾರೆ.

ಪ್ರಥಮ ಪಿಯು ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ಒಂದೇ ದಿನ ಎರಡು ಮದುವೆ ಬಂದವು. ಹೊಸ ಸೆಟ್ ಮುದ್ದೇಬಿಹಾಳಕ್ಕೆ ಹೋಯಿತು. ಹತ್ತಿರದ ಹಳ್ಳಿಯ ಮದುವೆಗೆ ಹಳೆಯ ಪೆಟ್ಟಿಗೆ ತೆಗೆದುಕೊಂಡು ನಾನು ಮತ್ತು ನಮ್ಮ ಓಣಿಯ ಗೆಳೆಯ ಹೋದೆವು. ಅವನಿಗೆ ನನ್ನದೇ ವಯಸ್ಸು. ಎಸ್‌ಎಸ್‌ಎಲ್‌ಸಿ ಆದ ಮೇಲೆ ಕಾಲೇಜಿಗೆ ಬರಲಿಲ್ಲ. ಸಣ್ಣವನಿದ್ದಾಗಿನಿಂದ ದಾದಾ ಜೊತೆ ವೈರ್ ಸುತ್ತುತ್ತಾ ಕೆಲಸ ಕಲಿತವನು.

ನಾಲ್ಕು ಹಾರ್ನ್ ಕಟ್ಟಬೇಕಿತ್ತು. ಅವನು ಎರಡೆರಡನ್ನು ಜೋಡಿ ಮಾಡತೊಡಗಿದ.

"ಹಂಗ್ಯಾಕ? ನಾಲ್ಕೂ ಸೀದಾ ಎಂಟರ ತಿರುಪಿಗೆ ಕಟ್ಟು. ಆವಾಜ್ ಜಾಸ್ತಿ ಬರ್ತದ" ಎಂದೆ.

"ದಾದಾ ಹಿಂಗ ಕಟ್ಟತಿದ್ರು" ಎಂದ.

"ದಾದಾ ಕಾಲದ್ದು ಬಿಡೋ. ನಾ ಸೈನ್ಸ್ ಓದಾಕತ್ತೀನಿ" ಎಂದೆ. ಅವನು ಮತ್ತೇನೂ ಹೇಳಲಿಲ್ಲ. ನಾನೇ ನಾಲ್ಕೂ ಹಾರ್ನ್‌ಗಳ ವೈರ್ ಕೂಡಿಸಿ ಕಟ್ಟಿದೆ.

ಆವಾಜು ನಿಜಕ್ಕೂ ಜಾಸ್ತಿಯೇ ಬಂತು. ಒಂದು ತಾಸು ಎಲ್ಲ ಸರಿಯಾಗಿತ್ತು. ಆಮೇಲೆ ಸುಟ್ಟ ವಾಸನೆ. ನಿಕಾಹ್ ಮುಗಿದು ದುವಾ ಶುರುವಾಗುವ ಹೊತ್ತಿಗೆ ನಾಲ್ಕೂ ಹಾರ್ನ್ ಗುಂಯ್ ಎಂದು ಸುಮ್ಮನಾದವು. ಇಡೀ ಮಂಟಪ ನಮ್ಮ ಕಡೆ ತಿರುಗಿತು. ಚಾಚಾ ಬಾಡಿಗೆ ಹಣ ವಾಪಸು ಕೊಟ್ಟು ಕೈ ಮುಗಿಯಬೇಕಾಯಿತು. ಆಗ ವಾಲ್ಯೂಮ್ ಗುಂಡಿಯ ಹತ್ತಿರ ಕುಳಿತಿದ್ದವನು ಗೆಳೆಯ. ಗುಂಡಿ ಪೂರಾ ತಿರುವಿ ಮಷೀನು ಸುಟ್ಟ ಎಂದು ಬೈಗುಳವೆಲ್ಲ ಅವನಿಗೆ ಹೋಯಿತು. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದರು ಚಾಚಾ. ನಾನು ಪಕ್ಕದಲ್ಲೇ ನಿಂತಿದ್ದೆ. ತಪ್ಪು ನನ್ನದೆಂದು ಆಗ ಗೊತ್ತಿರಲಿಲ್ಲ. ಆದರೆ ಬೈಗುಳ ನನಗೆ ಬರಲಿಲ್ಲವಲ್ಲ ಎಂದು ಸಮಾಧಾನ ಆದದ್ದು ಮಾತ್ರ ಚೆನ್ನಾಗಿ ನೆನಪಿದೆ.

ದಾದಾ ಪೆಟ್ಟಿಗೆ ಹಾಗೆ ಬಿದ್ದಿರುವುದು ನೋಡಲಾಗದೆ ಒಂದು ದಿನ ಮುಚ್ಚಳ ತೆಗೆದೆ. ಅಲ್ಯೂಮಿನಿಯಂ ಪಟ್ಟಿಯ ಮೇಲೆ ಎರಡು ದೊಡ್ಡ ಲೋಹದ ಟ್ರಾನ್ಸಿಸ್ಟರ್‌ಗಳು. ಎರಡಕ್ಕೂ ಒಂದೊಂದು ರೆಸಿಸ್ಟರ್. ಅದರಲ್ಲಿ ಒಂದು ಕಪ್ಪಾಗಿ ಸೀಳಿತ್ತು. ಮೇಲೆ ಬರೆದ ಬೆಲೆ ಓದುವಂತಿರಲಿಲ್ಲ. ಆದರೆ ಇಂಥ ಮಷೀನಿನಲ್ಲಿ ಆ ಭಾಗ ಜೋಡಿಯಾಗಿರುತ್ತದೆ. ಒಂದು ಟ್ರಾನ್ಸಿಸ್ಟರ್ ಅಲೆಯ ಮೇಲಿನ ಅರ್ಧ ನೋಡಿಕೊಂಡರೆ ಇನ್ನೊಂದು ಕೆಳಗಿನ ಅರ್ಧ ನೋಡಿಕೊಳ್ಳುತ್ತದೆ. ಹಾಗಾಗಿ ಪಕ್ಕದ ರೆಸಿಸ್ಟರ್ ನೋಡಿ ಬೆಲೆ ತಿಳಿದುಕೊಂಡೆ: 0.47 ಓಂ, 5 ವ್ಯಾಟ್. ಅಂಥದ್ದೇ ಒಂದು ತಂದು ಬೆಸುಗೆ ಹಾಕಿ ಸ್ವಿಚ್ ಒತ್ತಿದೆ. ಹತ್ತು ಸೆಕೆಂಡೂ ಆಗಿರಲಿಲ್ಲ, ಹೊಸದೂ ಹೊಗೆ ಬಿಟ್ಟಿತು.

ಪೆಟ್ಟಿಗೆ ಹೊತ್ತುಕೊಂಡು ದಾದಾ ಅವರ ಹಳೆಯ ಗೆಳೆಯರಾದ ರೇಡಿಯೋ ರಿಪೇರಿ ಮಾಸ್ತರರ ಹತ್ತಿರ ಹೋದೆ. ನಡೆದದ್ದು ಹೇಳಿದೆ. ಅವರು ಸುಟ್ಟ ರೆಸಿಸ್ಟರ್ ಕಡೆ ನೋಡಲೇ ಇಲ್ಲ. ಮೊದಲು ಫ್ಯೂಸ್ ಬಿಚ್ಚಿದರು. ಗಾಜಿನ ಕೊಳವೆಯ ಸುತ್ತ ಯಾರೋ ಯಾವಾಗಲೋ ತಾಮ್ರದ ತಂತಿ ಸುತ್ತಿದ್ದರು.

"ಸಾಯಬೇಕಾದ ಫ್ಯೂಸ್ ಸಾಯಲಿಲ್ಲ ತಮ್ಮಾ, ಅದಕ್ಕ ಒಳಗಿನವು ಸತ್ತವು" ಎಂದರು.

ಪ್ಲಗ್ ಹೊರಗಿದ್ದರೂ ದೊಡ್ಡ ಕೆಪ್ಯಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ ಎಂದು ಒಂದು ರೆಸಿಸ್ಟರ್ ಹಿಡಿದು ಅದನ್ನು ಖಾಲಿ ಮಾಡಿದರು. ಆಮೇಲೆ ಎರಡೂ ಟ್ರಾನ್ಸಿಸ್ಟರ್ ಕಳಚಿ ಮೇಜಿನ ಮೇಲಿಟ್ಟು ಮಲ್ಟಿಮೀಟರ್ ನನ್ನ ಕೈಗೆ ಕೊಟ್ಟರು. ಅವು 2ಎನ್3055. ಅಮೆರಿಕದ ಆರ್‌ಸಿಎ ಕಂಪನಿ 1960ರ ದಶಕದಲ್ಲಿ ತಂದ ಈ ಟ್ರಾನ್ಸಿಸ್ಟರ್ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಅದರ ಲೋಹದ ಮೈಯೇ ಕಲೆಕ್ಟರ್, ಕೆಳಗಿನ ಎರಡು ಕಾಲು ಬೇಸ್ ಮತ್ತು ಎಮಿಟರ್. ಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಚೆನ್ನಾಗಿರುವುದನ್ನು ಅಳೆದಾಗ ಬೇಸ್‌ನಿಂದ ಎಮಿಟರ್‌ಗೆ 0.6ರ ಆಸುಪಾಸು ತೋರಿಸಿತು, ವೈರ್ ಅದಲು ಬದಲು ಮಾಡಿದರೆ ಏನೂ ಇಲ್ಲ. ಕಲೆಕ್ಟರ್ ಮತ್ತು ಎಮಿಟರ್ ನಡುವೆಯೂ ಏನೂ ಇಲ್ಲ. ಇನ್ನೊಂದಕ್ಕೆ ಹಿಡಿದೆ. ಕಲೆಕ್ಟರ್‌ನಿಂದ ಎಮಿಟರ್‌ಗೆ ಎರಡೂ ಕಡೆಯಿಂದ ಮೀಟರು ಕೂಗಿತು. ಒಳಗೆ ಪೂರಾ ಶಾರ್ಟ್.

"ಇದು ಕೆಟ್ಟದ್ದು. ಆ ಕರೀದು ಸುಟ್ಟದ್ದು. ಎರಡೂ ಬ್ಯಾರೆ ಬ್ಯಾರೆ. ಕಣ್ಣಿಗೆ ಕಂಡದ್ದನ್ನ ಬದಲು ಮಾಡಿದಿ, ಅದಕ್ಕ ಮತ್ತ ಸುಟ್ಟಿತು" ಎಂದರು.

ಪಾಪದ ರೆಸಿಸ್ಟರ್ ತನ್ನ ಮೂಲಕ ಹರಿದ ಕರೆಂಟಿನ ಬಿಸಿ ತಾಳಲಾರದೆ ಸತ್ತಿತ್ತು, ಅಷ್ಟೇ. ಟ್ರಾನ್ಸಿಸ್ಟರ್ ಯಾಕೆ ಕೆಟ್ಟಿತು ಎಂದು ಕೇಳಿದೆ. ಅವರು ಉತ್ತರ ಕೊಡದೆ ತಿರುಗಿ ನನ್ನನ್ನೇ ಕೇಳಿದರು:

"ಹಾರ್ನ್ ಹ್ಯಾಂಗ ಕಟ್ಟಿದ್ದಿ?"

ಕಾಗದದ ಮೇಲೆ ಬರೆದು ತೋರಿಸಿದೆ.

"ಎಷ್ಟು ಓಂ ಆತು, ಲೆಕ್ಕ ಹಾಕು."

8 ಓಂ‌ನ ನಾಲ್ಕು ಹಾರ್ನ್ ಪ್ಯಾರಲಲ್‌ನಲ್ಲಿ. ಎಂಟನ್ನು ನಾಲ್ಕರಿಂದ ಭಾಗಿಸಿದರೆ 2 ಓಂ. ನಾನು ಅದನ್ನು 8 ಓಂ ತಿರುಪಿಗೆ ಕಟ್ಟಿದ್ದೆ. ಅಂದರೆ ಮಷೀನಿನ ಮೇಲೆ ನಾಲ್ಕು ಪಟ್ಟು ಭಾರ. ಎರಡೆರಡನ್ನು ಸೀರೀಸ್ ಮಾಡಿದರೆ 16 ಮತ್ತು 16, ಆ ಎರಡು ಜೋಡಿ ಪ್ಯಾರಲಲ್ ಆದರೆ ಸರಿಯಾಗಿ 8. ದಾದಾ ಕಟ್ಟುತ್ತಿದ್ದದ್ದು ಅದೇ. ಗೆಳೆಯ ಕಟ್ಟಲು ಹೋಗಿದ್ದೂ ಅದೇ.

ಮುಂದಿನದನ್ನು ನಾನೇ ಲೆಕ್ಕ ಹಾಕಿದೆ. ಬಿಸಿ ಅಂದರೆ ಕರೆಂಟಿನ ವರ್ಗ ಗುಣಿಸು ರೋಧ. 0.47 ಓಂ ರೆಸಿಸ್ಟರ್‌ನಲ್ಲಿ 2 ಆಂಪಿಯರ್ ಹರಿದರೆ 1.88 ವ್ಯಾಟ್, ಆರಾಮ. ನಾಲ್ಕು ಪಟ್ಟು, ಅಂದರೆ 8 ಆಂಪಿಯರ್ ಹರಿದರೆ 30 ವ್ಯಾಟ್. ಕರೆಂಟ್ ನಾಲ್ಕು ಪಟ್ಟಾದರೆ ಬಿಸಿ ಹದಿನಾರು ಪಟ್ಟು. ತಾಳುವ ಶಕ್ತಿ 5 ವ್ಯಾಟ್. ಇದು ಎಸ್‌ಎಸ್‌ಎಲ್‌ಸಿಯಲ್ಲಿ ನಾನು ಪೂರ್ತಿ ಅಂಕ ತೆಗೆದುಕೊಂಡ ಪಾಠ. ಪೆನ್ನು ಕೆಳಗಿಟ್ಟಾಗ ಮಾಸ್ತರರ ಮುಖ ನೋಡಲು ಆಗಲಿಲ್ಲ. ಮಂಟಪದಲ್ಲಿ ತಲೆ ತಗ್ಗಿಸಿ ನಿಂತಿದ್ದ ಗೆಳೆಯ ಕಣ್ಣ ಮುಂದೆ ಬಂದ.

ಟ್ರಾನ್ಸಿಸ್ಟರ್ ಜೋಡಿಯನ್ನೇ ಬದಲಿಸಿದೆವು. ಅವುಗಳ ಕೆಳಗೆ ಮೈಕಾ ಹಾಳೆ, ಬಿಸಿ ಇಳಿಯಲು ಬಿಳಿ ಪೇಸ್ಟ್, ಹೊಸ ರೆಸಿಸ್ಟರ್, ತಂತಿ ಸುತ್ತದ ಸರಿಯಾದ ಫ್ಯೂಸ್. ಮೊದಲ ಸಲ ಸೀದಾ ಕರೆಂಟಿಗೆ ಹಾಕಲಿಲ್ಲ. 100 ವ್ಯಾಟ್ ಬಲ್ಬನ್ನು ಸೀರೀಸ್‌ನಲ್ಲಿಟ್ಟು ಸ್ವಿಚ್ ಒತ್ತಿದರು. ಒಳಗೆ ಶಾರ್ಟ್ ಉಳಿದಿದ್ದರೆ ಬಲ್ಬು ಪೂರಾ ಉರಿಯುತ್ತದೆ, ಮಷೀನು ಸುಡುವುದಿಲ್ಲ. ಬಲ್ಬು ಒಮ್ಮೆ ಜಗ್ ಎಂದು ಹೊತ್ತಿ ಮಂದವಾಯಿತು. ಮಾಸ್ತರರು ಮೈಕ್ ಹಿಡಿದು ಮೆಲ್ಲಗೆ "ಹಲೋ" ಎಂದರು. ದಾದಾ ಪೆಟ್ಟಿಗೆ ಮಾತಾಡಿತು.

ಆ ರಾತ್ರಿ ಊಟದ ಹೊತ್ತಿಗೆ ಚಾಚಾಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, ಇದನ್ನು ನನಗೆ ಹೇಳಿದರೆ ಆಗಲಿಲ್ಲ, ಅವನಿಗೆ ಹೋಗಿ ಹೇಳು ಎಂದರು.

ಗೆಳೆಯ ಆಗ ಇಂಡಿಯಲ್ಲಿ ಲಿಂಬೆ ಚೀಲ ತುಂಬುವ ಕೆಲಸಕ್ಕೆ ಹೋಗುತ್ತಿದ್ದ. ಮರುದಿನ ಬಸ್ ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಂಡಿದ್ದೆ. ಅವನ ಮುಂದೆ ನಿಂತಾಗ ಒಂದೂ ನೆನಪಾಗಲಿಲ್ಲ. "ತಪ್ಪು ನಂದು. ವೈರ್ ನಾ ಕಟ್ಟಿದ್ದು" ಎಂದಷ್ಟೇ ಹೇಳಿದೆ.

"ನನಗ ಅವತ್ತೇ ಗೊತ್ತಿತ್ತು" ಎಂದ.

"ಮತ್ತ ಚಾಚಾ ಮುಂದ ಯಾಕ ಹೇಳಲಿಲ್ಲ?"

"ನೀ ಸೈನ್ಸ್ ಓದಾವ. ನನ್ನ ಮಾತು ಯಾರು ನಂಬತಿದ್ರು?"

ಅವನು ಸಿಟ್ಟಿನಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ನಗುತ್ತಾ ಹೇಳಿದ. ಚಹಾ ಕುಡಿಸಿ ಬಸ್ ಹತ್ತಿಸಿದ. ಚಾಚಾ ತಾವೇ ಫೋನ್ ಮಾಡಿ ಕರೆದ ಮೇಲೆ ಈಗ ರವಿವಾರ ಮಾತ್ರ ನಮ್ಮ ಕೆಲಸಕ್ಕೆ ಬರುತ್ತಾನೆ. ವಾರದ ಉಳಿದ ದಿನ ಲಿಂಬೆ ಕೆಲಸವನ್ನು ಬಿಟ್ಟಿಲ್ಲ, ಬಿಡು ಎಂದು ಹೇಳುವ ಮುಖವೂ ನಮಗಿಲ್ಲ.

ಗೆಳೆಯರೇ, ನಿಮ್ಮ ಮನೆಯಲ್ಲೂ ಇಂಥ ಹಳೆಯ ಮಷೀನು ಇದ್ದರೆ ಕರೆಂಟ್ ಇದ್ದಾಗ ಮುಚ್ಚಳ ತೆಗೆಯಬೇಡಿ, ಬಲ್ಲವರು ಪಕ್ಕದಲ್ಲಿರಲಿ. ಕಪ್ಪಾದ ಭಾಗ ಕಂಡ ಕೂಡಲೇ ಅದೇ ತಪ್ಪಿತಸ್ಥ ಎಂದು ತೀರ್ಮಾನ ಮಾಡಬೇಡಿ. ಆ ಸುಟ್ಟ ರೆಸಿಸ್ಟರನ್ನು ನಾನು ಎಸೆದಿಲ್ಲ, ನನ್ನ ಕಂಪಾಸ್ ಪೆಟ್ಟಿಗೆಯಲ್ಲಿದೆ. ಹಾರ್ನ್ ಕಟ್ಟುವಾಗ ಈಗ ವೈರ್ ಹಿಡಿಯುವವನು ನಾನು, ಹೇಗೆ ಕಟ್ಟಬೇಕೆಂದು ಹೇಳುವವನು ಅವನು.