ನಂದಿಬೆಟ್ಟದ ಬಣ್ಣ

ಪ್ರವಾಸದ ಹುಚ್ಚು ನನಗೆ ಮೊದಲಿನಿಂದಲೂ ಉಂಟು. ರೈಲಿನ ವೇಳಾಪಟ್ಟಿಯನ್ನು ಕಾದಂಬರಿಯಂತೆ ಓದಬಲ್ಲವನು ನಾನು. 2024ರ ಬೇಸಿಗೆ ರಜೆಯಲ್ಲಿ ಕೇದಾರಕ್ಕೆ ಹೋಗುವುದೆಂದು ಟಿಕೆಟ್ಟನ್ನೂ ತೆಗೆಸಿದ್ದೆ. ಹೊರಡಲು ಎಂಟು ದಿನವಿರುವಾಗ ಜಂಗಮಕೋಟೆಯ ನಮ್ಮ ಮನೆಯ ಹಿತ್ತಲ ಮೆಟ್ಟಿಲಿನಲ್ಲಿ ಜಾರಿ ಕಾಲು ಮುರಿದುಕೊಂಡೆ. ಹನ್ನೊಂದು ಸಾವಿರ ಅಡಿಗೂ ಮೇಲೆ ಹತ್ತಬೇಕಾಗಿದ್ದವನು ಮೂರು ಮೆಟ್ಟಿಲು ಇಳಿಯಲಾರದೆ ಹೋದೆ!

ಆರು ವಾರ ಪ್ಲಾಸ್ಟರು. ತರಗತಿಯಲ್ಲಿ ನಾನು ವರ್ಣಿಸುತ್ತಿದ್ದ ಮೇಘದೂತದ ಯಕ್ಷ ನೆನಪಾದ. ವರ್ಷದ ಶಾಪ ಹೊತ್ತು ರಾಮಗಿರಿಯಲ್ಲಿ ಕುಳಿತ ಆತ ಅಲಕೆಯ ದಾರಿಯನ್ನು ಮೋಡಕ್ಕೆ ಬೆಟ್ಟ ಬೆಟ್ಟವಾಗಿ, ಹೊಳೆ ಹೊಳೆಯಾಗಿ ಬಣ್ಣಿಸುತ್ತಾನೆ. ಬಂಡೆಯ ಮೇಲೆ ಕಾವಿಕಲ್ಲಿನಿಂದ ಹೆಂಡತಿಯ ಚಿತ್ರ ಬರೆಯುತ್ತಾನೆ. ನಾನೂ ಮಗಳ ಬಣ್ಣದ ಪೆಟ್ಟಿಗೆಯನ್ನು ಸಾಲ ಪಡೆದೆ. ಒಂದು ವಾರದಲ್ಲಿ ಏಳು ಹಿಮಾಲಯಗಳು ತಯಾರಾದವು.

ಹುಳುಮನೆಯಿಂದ ಬಂದ ಅಮ್ಮ ಬಗ್ಗಿ ನೋಡಿದಳು.

"ಯಾವ ಬೆಟ್ಟಾನಪ್ಪ ಇದು?"

"ಹಿಮಾಲಯ."

"ನೀನು ನೋಡಿದ್ದೀಯಾ?"

"ಇಲ್ಲ."

"ಅದಕ್ಕೇ ಕ್ಯಾಲೆಂಡರಿನ ಹಾಗಿದೆ."

ಮಾತು ನಾಟಿತು. ನಮ್ಮ ವೆಂಕಟಪ್ಪನವರು ಉದಕಮಂಡಲದ ಮಂಜನ್ನು ಬರೆದದ್ದು ಅಲ್ಲಿಗೆ ಹೋಗಿ, ಕಣ್ಣಾರೆ ಕಂಡು. ಮರುದಿನ ಕುರ್ಚಿಯನ್ನು ಹಿತ್ತಲಿಗೆ ಹಾಕಿಸಿಕೊಂಡೆ. ರಾತ್ರಿ ಮಳೆಯಾಗಿತ್ತು. ಹಿಪ್ಪುನೇರಳೆ ತೋಟದಾಚೆ, ದೂರದಲ್ಲಿ, ವಾಯವ್ಯಕ್ಕೆ ನಂದಿಬೆಟ್ಟ. ಅದನ್ನೇ ಬರೆದೆ. ಅಮ್ಮ ಅದನ್ನೂ ಪರೀಕ್ಷಿಸಿದಳು.

"ಹಸಿರು ಯಾಕೆ ಬಳಿದೆ? ಇಲ್ಲಿಂದ ಅದು ಹಸಿರಾಗಿ ಕಾಣೋದೇ ಇಲ್ಲ. ಮಳೆ ಬಂದ ಮಾರನೇ ದಿನ ನೀಲಿ, ಬೇಸಿಗೇಲಿ ಬೂದಿ. ಧನುರ್ಮಾಸದ ಬೆಳಗ್ಗೆ ಬುಡಾನೇ ಇರೋದಿಲ್ಲ. ತಲೆ ಮಾತ್ರ ತೇಲ್ತಿರುತ್ತೆ."

ನಾನು ಬೆರಗಾದೆ. ನಲವತ್ತು ವರ್ಷ ನಸುಕಿನಲ್ಲಿ ಸೊಪ್ಪು ಕೊಯ್ಯಲು ಹೋದವಳು ಆ ಬೆಟ್ಟವನ್ನು ದಿನವೂ ನೋಡಿದ್ದಳು. ರೇಷ್ಮೆಯ ಒಂದು ಬೆಳೆಗೆ ಸುಮಾರು 25 ದಿನ. ಹುಳು ನಾಲ್ಕು ಜ್ವರ ಕಳೆದು, ಹಣ್ಣಾಗಿ ಚಂದ್ರಿಕೆ ಸೇರುವವರೆಗೆ ಸೊಪ್ಪಿನ ಹೊತ್ತು ತಪ್ಪುವಂತಿಲ್ಲ. ಮನೆಯವರು ಊರು ಬಿಡುವಂತಿಲ್ಲ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವಷ್ಟರಲ್ಲಿ ಮುಂದಿನ ಬೆಳೆಯ ಚಿಂತೆ. ಆ ಗೂಡಿನ ಹಣದಲ್ಲಿಯೇ ನಾನು ಎಂ.ಎ. ಓದಿದ್ದು. ನಾನು ಕಂಡ ಊರುಗಳ ಕಥೆಯನ್ನೆಲ್ಲ ಅವಳಿಗೆ ಹೇಳಿದ್ದೇನೆ. ನಿನಗೆಲ್ಲಿಗೆ ಹೋಗುವ ಆಸೆ ಎಂದು ಮಾತ್ರ ಕೇಳಿರಲಿಲ್ಲ. ಅಂದು ಕೇಳಿದೆ. ಕಾಶಿ ಎನ್ನುತ್ತಾಳೆಂದುಕೊಂಡಿದ್ದೆ.

"ಆ ಬೆಟ್ಟದ ಮೇಲೆ ನಿಂತು ನಮ್ಮೂರು ಹೇಗೆ ಕಾಣುತ್ತೆ ಅಂತ ನೋಡಬೇಕು," ಎಂದಳು. ಆಮೇಲೆ, "ಸಂಜೆಯೊಳಗೆ ಬರಬಹುದಲ್ಲ?"

ಪ್ಲಾಸ್ಟರು ಬಿಚ್ಚಿದ ಮೇಲೆ, ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿ, ಕಾರು ಮಾಡಿಕೊಂಡು ಕರೆದೊಯ್ದೆ. 1478 ಮೀಟರ್ ಎತ್ತರದ ಬೆಟ್ಟ, ಮೇಲೆಲ್ಲ ಮಂಜು. ಕೋಲೂರಿ ನಿಂತು ಕಾದೆ. ಊರು ಕಾಣಲಿಲ್ಲ. ನನಗೆ ಅಳುವಷ್ಟು ಬೇಸರವಾಯಿತು.

"ಇರಲಿ ಬಿಡು. ಎಲ್ಲಿದೆ ಅಂತ ನನಗೆ ಗೊತ್ತು," ಎಂದು ಅಮ್ಮ ಆಗ್ನೇಯಕ್ಕೆ ಕೈ ತೋರಿಸಿದಳು.

ಮನೆಗೆ ಬಂದು ಅದನ್ನೇ ಬರೆದೆ: ಕಾಗದದ ತುಂಬ ಬಿಳಿ ಮಂಜು, ಅದರತ್ತ ಚಾಚಿದ ಒಂದು ಕೈ. ಅದು ಕ್ಯಾಲೆಂಡರಿನ ಹಾಗಿಲ್ಲವೆಂದು ಅಮ್ಮ ಒಪ್ಪಿದ್ದಾಳೆ. ಕೇದಾರ ಇನ್ನೂ ಬಾಕಿ ಇದೆ.